ಜಾಲಿಗೆ ಬೆನ್ನು ಕೊಟ್ಟವಳು

ನಮ್ಮೂರ ಸೂಲಗಿತ್ತಿಯದು ಒಂದೇ ಮಾತು: "ಅದು ಅದ್ರ ಕೆಲ್ಸ ಮಾಡ್ತೈತೆ, ಬುಡು." ಬಸುರಿಯ ನೋವಿಗೂ ಅದೇ, ಕೂಸಿನ ಅಳುವಿಗೂ ಅದೇ. ಹಾಗೆನ್ನುವಾಗ ಅಂಗೈಯಿಂದ ಗಾಳಿಯನ್ನು ಮೆಲ್ಲಗೆ ಒತ್ತುವಳು.

ನಾನು ಚೊಚ್ಚಲ ಬಸುರಿಯಾಗಿದ್ದಾಗ ನಮ್ಮ ತೆಂಗಿನ ತೋಟದ ಬೇಲಿಯ ಕರಿಜಾಲಿಗೆ ಹುಳ ಬಿದ್ದಿತ್ತು. ಮಾವ ಕೊಡಲಿ ತಂದರು. ನನ್ನನ್ನು ನೋಡಲು ಬಂದಿದ್ದ ಸೂಲಗಿತ್ತಿ ಮರಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಹುಳ ತಿಂದಿದ್ನ ಇಟ್ಕಂಡು ಏನ್ ಮಾಡಾದು? ಸರಿ ಆ ಕಡೆ," ಎಂದರು ಮಾವ.

"ಹುಳ ಕೊರೀತೈತೆ, ಅದ್ರ ಹಿಂದೇನೇ ಕೊಳೆ ನುಗ್ತೈತೆ. ಮರ ಸುಮ್ಕಿರ್ತೈತಾ? ನಿಮ್ ಸೊಸೆ ಹೆರೋಗಂಟ ಬುಡಿ ಗೌಡ್ರೇ."

ಮಾವ ಗೊಣಗುತ್ತ ಕೊಡಲಿ ಇಳಿಸಿದರು.

ಬೇಸಿಗೆ ಬಲಿತಂತೆ ಹುಳ ಕೊರೆದ ತೂತುಗಳಿಂದೆಲ್ಲ ಕೆಂಪು ಅಂಟು ಉಕ್ಕಿ, ಬೆಲ್ಲದ ಪಾಕದಂತೆ ಹೊಳೆಯಿತು. ಇಷ್ಟು ಒರಟು ಮರದೊಳಗೆ ಇದೆಲ್ಲಿತ್ತು ಎಂದು ಹೊಟ್ಟೆ ಹಿಡಿದುಕೊಂಡು ನೋಡುತ್ತಲೇ ನಿಂತೆ. ಆಕೆ ಒಣಗಿದ್ದನ್ನಷ್ಟೇ ಬಿಡಿಸಿಕೊಂಡಳು, ಹಸಿಯದನ್ನು ಮುಟ್ಟಲಿಲ್ಲ.

ಹೆರಿಗೆಯಲ್ಲಿ ನನ್ನ ಮೈ ಹರಿದಿತ್ತು. ಆಕೆ ಆ ಅಂಟನ್ನು ತುಪ್ಪದಲ್ಲಿ ಹುರಿದು, ಕೊಬ್ಬರಿ ಬೆಲ್ಲ ಸೇರಿಸಿ ಕಟ್ಟಿದ ಉಂಡೆಯನ್ನು ನನ್ನ ಬಾಯಿಗಿಟ್ಟಳು.

"ಮರ ತನ್ ಗಾಯ ಮುಚ್ಕಳಾಕೆ ಮಾಡ್ಕಂಡಿದ್ದು ಕಣವ್ವ. ನಿಂಗೂ ಒಂದಿಷ್ಟು ಕೊಟ್ಟೈತೆ, ತಿನ್ನು."