ಬೆಳಕು ಕಂಡ ಟ್ಯೂಬು

ಬೋರಣ್ಣನ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತಾಗುತ್ತಿದ್ದುದು ಒಂದೇ ವಿಷಯಕ್ಕೆ: ರಾಯದುರ್ಗದ ಬೀಜದ ಲ್ಯಾಬಿಗೆ ಮೊದಲು ಕೆಲಸಕ್ಕೆ ಸೇರಿದವನು ತಾನು, ಫ್ರಿಜ್ಜಿನ ಕೀಲಿಕೈ ಸಿಕ್ಕಿದ್ದು ಮಡಕಶಿರಾದಿಂದ ಮೊನ್ನೆ ಬಂದ ಮುತ್ತುರಾಜನಿಗೆ. ಇಬ್ಬರೂ ಅಟೆಂಡರುಗಳೇ. ಆದರೆ ಬೋರಣ್ಣನ ಪಾಲಿಗೆ ಗಾಜು ತೊಳೆಯುವುದು.

ಫ್ರಿಜ್ಜಿನಲ್ಲಿದ್ದದ್ದು ಶ್ರೀಲತಾ ಮೇಡಂ ಹೊಳೆಯುವ ಬಣ್ಣ ಅಂಟಿಸಿಟ್ಟ ಡಿಎನ್‌ಎ ತುಂಡುಗಳು. ಶೇಂಗಾ ಗಿಡದ ಯಾವ ಪ್ರೋಟೀನು ಅವನ್ನು ಹಿಡಿಯುತ್ತದೆಂದು ಮೇಡಂ ಹುಡುಕುತ್ತಿದ್ದರು. ಲೋಳೆಯ ಹಲ್ಲೆಯಂಥ ಜೆಲ್ಲಿನಲ್ಲಿಟ್ಟು ಕರೆಂಟು ಹಾಯಿಸಿದರೆ ಒಂಟಿ ತುಂಡು ಸರಸರನೆ ಮುಂದೆ ಓಡುತ್ತದೆ, ಪ್ರೋಟೀನು ಹಿಡಿದುಕೊಂಡದ್ದು ಹಿಂದೆ ಉಳಿಯುತ್ತದೆ. ಗುಮ್ಮಘಟ್ಟದ ಕುರಿಗಾರರ ಮನೆಯ ಬೋರಣ್ಣನಿಗೆ ಅದೇನು ತಿಳಿಯದ್ದಲ್ಲ. ಮಂದೆಯಲ್ಲಿ ತನ್ನ ಕುರಿಗೆ ಬಣ್ಣ ಬಳಿದು ಬಿಟ್ಟ ಹಾಗೆ. ಟ್ಯೂಬಿಗೆ ಬೆಳ್ಳಿಕಾಗದ ಯಾಕೆ ಸುತ್ತುತ್ತಾರೆಂಬುದು ಮಾತ್ರ ತಿಳಿದಿರಲಿಲ್ಲ. ಮುತ್ತುರಾಜನನ್ನು ಕೇಳುವುದೇ? ಅವನ ಬಡಿವಾರ ಅಂದುಕೊಂಡು ಸುಮ್ಮನಾದ.

ಆಯುಧ ಪೂಜೆ ಬಂತು. ಕೀಲಿಕೈಗೂ ಪೂಜೆಯಾಗಲೆಂದು ತಟ್ಟೆಯಲ್ಲಿಟ್ಟು ಮುತ್ತುರಾಜ ಹೂವಿಗೆ ಹೋದ. ಬೋರಣ್ಣ ಕೀಲಿಕೈ ಎತ್ತಿ ಫ್ರಿಜ್ಜು ತೆಗೆದ. "ಇಷ್ಟು ದೊಡ್ಡ ಸಾಮಾನಿಗೇ ಪೂಜಿ ಇಲ್ಲಾಂದ್ರ ಹೆಂಗ? ಅವನೊಬ್ಬನ ಸೊತ್ತೇನು?" ಟ್ಯೂಬು ತೆಗೆದು, ಕಾಗದ ಕಿತ್ತು, ಮುಚ್ಚಳಕ್ಕೆ ಕುಂಕುಮ ಇಟ್ಟು, ಕಿಟಕಿಯ ಬಿಸಿಲಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ. ಮಧ್ಯಾಹ್ನ ಅದನ್ನು ಕಂಡ ಮುತ್ತುರಾಜನ ಮುಖ ಬಿಳುಚಿತು. ಮತ್ತೆ ಕಾಗದ ಸುತ್ತಿ ಒಳಗಿಟ್ಟ.

ಮರುದಿನ ಜೆಲ್ಲಿನ ಫೋಟೋ ಪೂರಾ ಕಪ್ಪು. ಮೇಡಂ ಟ್ಯೂಬು ಹಿಡಿದು ಬಂದರು.

"ಬೆಳಕಿಗೆ ಇಟ್ಟವರು ಯಾರು? ಬಣ್ಣವೇ ಸತ್ತಿದೆ. ಮುಚ್ಚಳಕ್ಕೆ ಕುಂಕುಮ ಬೇರೆ!"

ಬೋರಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಕೆಲಸ ಹೋದಂತೆಯೇ.

"ನಾನೇ ಮೇಡಂ," ಅಂದ ಮುತ್ತುರಾಜ. "ಪೂಜೆ ಗಡಿಬಿಡಿಯಾಗೆ ಒಳಗಿಡೋದು ಮರ್ತೆ."

ಅಂದೇ ಕೀಲಿಕೈ ಬೋರಣ್ಣನ ಕೈಗೆ ಬಂತು. ಅವನು ಹೊರಗೆ ಮುತ್ತುರಾಜನ ಕಾಲರ್ ಹಿಡಿದ.

"ಲೇ ಮುತ್ತ, ನಿನ್ನ ಯಾವನ್ ಕರ್ದಿದ್ದ ಅಡ್ಡ ಬಾ ಅಂತ? ನಾ ಹೇಳ್ತಿದ್ದೆ!"

"ಈಗ್ಲೂ ಹೋಗಿ ಹೇಳಣ್ಣ. ಬಾಗ್ಲು ತೆಗ್ದೇ ಐತೆ."

ಬೋರಣ್ಣ ಹೋಗಲಿಲ್ಲ. ಬಯಸಿದ್ದು ಸಿಕ್ಕಿತು, ಅದೂ ಮುತ್ತುರಾಜನ ಭಿಕ್ಷೆಯಾಗಿ. ಒಳ್ಳೆಯತನದಲ್ಲೂ ಆ ನನ್ಮಗನೇ ಮುಂದೆ! ಹೊಟ್ಟೆಕಿಚ್ಚು ಇಮ್ಮಡಿಯಾಯಿತು.

ಮಡಕಶಿರಾದಲ್ಲೇ ಬೇರೆ ಕೆಲಸ ಸಿಕ್ಕಿ ಮುತ್ತುರಾಜ ಹೊರಟ ದಿನ, ತನ್ನ ತಪ್ಪು ಹೊತ್ತುಕೊಂಡದ್ದಕ್ಕೆ ಒಂದು ಒಳ್ಳೆ ಮಾತು ಹೇಳಲೆಂದೇ ಬೋರಣ್ಣ ಬಸ್ಟ್ಯಾಂಡಿಗೆ ಓಡಿದ. ಬಸ್ಸಿನ ಕಿಟಕಿಯಿಂದ ಮುತ್ತುರಾಜ ನಕ್ಕ.

"ಏನಣ್ಣ, ನಾನು ಹೋಗ್ತೀನೋ ಇಲ್ವೋ ಅಂತ ನೋಡೋಕ್ ಬಂದ್ಯಾ?"

ಬೋರಣ್ಣನಿಗೆ ಪಿತ್ತ ನೆತ್ತಿಗೇರಿತು. "ಹೌದಲೇ! ಪೀಡಾ ತೊಲಗಿತು ಅಂತ ಕಣ್ಣಾರೆ ನೋಡಾಕ ಬಂದೀನಿ!"

ಬಸ್ಸಿಗೆ ಬಸ್ಸೇ ನಕ್ಕಿತು, ಮುತ್ತುರಾಜನೂ. ಬಸ್ಸು ಹೊರಟಿತು. ಮುತ್ತುರಾಜನಿಗೆ ಸಲ್ಲಬೇಕಾದ ಆ ಮಾತು ಬೋರಣ್ಣನ ಬಾಯಲ್ಲೇ ಬಾಕಿ ಉಳಿಯಿತು.