ರೇಷ್ಮೆ ತಂತಿಯ ಪಿಟೀಲು

ನನ್ನ ಯಜಮಾನರಿಗೆ ಸಂಗೀತದ ಚಿತ್ರಗಳ ಹುಚ್ಚು ಹಿಡಿದದ್ದು ಚಿಕ್ಕಬಳ್ಳಾಪುರದ ವಕೀಲರೊಬ್ಬರ ಮನೆಯಲ್ಲಿ, ಉಪ್ಪಿಟ್ಟು ತಿನ್ನುತ್ತಿರುವಾಗ. ಐವತ್ತರ ದಶಕದ ಕೊನೆಯ ಮಾತು. ವಕೀಲರು ಯಜಮಾನರ ಸ್ನೇಹಿತರು. ಅವರ ಗೋಡೆಯ ಮೇಲೆ ಚಿನ್ನದ ಬಣ್ಣದ ಕಟ್ಟು ಹಾಕಿದ ಮೂರು ಚಿತ್ರಗಳಲ್ಲಿ ವೀಣೆ ಹಿಡಿದ ಸರಸ್ವತಿ, ಪಕ್ಕದಲ್ಲಿ ತಂಬೂರಿ ಮೀಟುವ ಹೆಂಗಸು, ಅದರಾಚೆ ಮೃದಂಗ ಬಾರಿಸುವ ಗಣಪತಿ ಇದ್ದರು. ವಕೀಲರು ಉಪ್ಪಿಟ್ಟಿನ ಚಮಚವನ್ನೇ ಅತ್ತ ತೋರಿಸಿ, "ನಮ್ಮದು ಸ್ವಲ್ಪ ಸಂಗೀತದ ಮನೆ ನೋಡಿ" ಅಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಯಜಮಾನರು ಬೆರಳು ಮಡಿಸಿ ಏನೋ ಎಣಿಸುತ್ತಿದ್ದರು. ನಮ್ಮ ಶಿಡ್ಲಘಟ್ಟ ಕಣ್ಣಿಗೆ ಬಿದ್ದಮೇಲೆ, "ಅವನ ಮನೇಲಿ ಇರೋದೇ ಮೂರು ಕಣೇ. ನಮ್ಮ ಗೋಡೆ ಅವನದಕ್ಕಿಂತ ಉದ್ದ" ಅಂದರು. ಅಲ್ಲಿಗೆ ನಮ್ಮ ನಡುಮನೆಯ ಹಣೆಬರಹ ತೀರ್ಮಾನವಾಯಿತು.

ನಮ್ಮದು ಹೊಲ, ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ರೇಷ್ಮೆ ನೂಲು ತೆಗೆಯುವ ಚರಕಗಳು ಇದ್ದ ಮನೆ. ವ್ಯವಹಾರಕ್ಕೆಂದು ಊರೂರು ತಿರುಗುತ್ತಿದ್ದ ಯಜಮಾನರು ಈಗ ಬರಿಗೈಯಲ್ಲಿ ಬರುವುದನ್ನು ಬಿಟ್ಟರು. ಚಿಂತಾಮಣಿಯಿಂದ ನಾಗಸ್ವರ ಊದುವ ಗಾರೆಯ ಗೊಂಬೆ ಬಂತು. ಅದರ ಕೆನ್ನೆ ಎಷ್ಟು ಉಬ್ಬಿತ್ತೆಂದರೆ ಹಲ್ಲುನೋವಿನವನ ಹಾಗೆ ಕಾಣುತ್ತಿತ್ತು. ಕೊಳಲನ್ನು ತುಟಿಗಲ್ಲದೆ ಗಲ್ಲಕ್ಕೆ ಒತ್ತಿಕೊಂಡ ಕೃಷ್ಣ ಬಂದ. ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರಗಳಿಗೂ ಗೌರಿಬಿದನೂರಿನಲ್ಲಿ ಗಾಜು, ಕಟ್ಟು ಹಾಕಿಸಿ ತಂದರು. ಕತ್ತರಿ ಹಾಕಿದ ಕೈ ಸೊಟ್ಟಗಿದ್ದುದರಿಂದ ಒಬ್ಬ ಸರಸ್ವತಿಯ ಪಾದದ ಕೆಳಗೆ ಯಾವುದೋ ಸೋಪಿನ ಹೆಸರಿನ ಅರ್ಧ ಅಕ್ಷರಗಳು ಉಳಿದುಬಿಟ್ಟಿದ್ದವು. ಶುಕ್ರವಾರ ಆ ಸೋಪಿಗೂ ಸೇರಿ ಹೂವು ಏರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಚಿತ್ರ ಬೆಂಗಳೂರಿನ ದಂಡು ಪ್ರದೇಶದಿಂದ ಬಂದದ್ದು. ಊರು ಬಿಟ್ಟುಹೋದ ಯಾವುದೋ ಇಂಗ್ಲಿಷ್ ದೊರೆಯ ಮನೆಯ ಸಾಮಾನಂತೆ. ಅದರಲ್ಲಿ ಭುಜ ಕಾಣುವ ಗೌನು ತೊಟ್ಟ ಬಿಳಿ ಹೆಂಗಸೊಬ್ಬಳು ಹಾರ್ಪ್ ಎಂಬ ಆಳೆತ್ತರದ ತಂತಿವಾದ್ಯ ನುಡಿಸುತ್ತಿದ್ದಳು. ಅತ್ತೆ ಅದನ್ನು ನೋಡಿದ ತಕ್ಷಣ ಸೆರಗನ್ನು ತಮ್ಮ ಭುಜಕ್ಕೇ ಎಳೆದುಕೊಂಡು, "ಏಮಿರಾ ಇದಿ, ಏನೋ ಇದು! ಮೊದ್ಲು ಮುಚ್ಚೋ ಅದನ್ನ" ಅಂದರು. ಯಜಮಾನರು ಅದನ್ನು ಗೌರಿಬಿದನೂರಿಗೆ ಕೊಂಡುಹೋಗಿ, ಕಟ್ಟು ಹಾಕುವವನ ಕೈಯಲ್ಲೇ ಕತ್ತಿನವರೆಗೆ ಗಿಳಿಹಸಿರು ರವಿಕೆ ಬರೆಸಿಕೊಂಡು ಬಂದರು. ಹಣೆಗೆ ಒಂದು ಕುಂಕುಮವೂ ಬಿದ್ದಿತ್ತು. ಬಂದವರಿಗೆಲ್ಲ ಅದನ್ನು "ಇಂಗ್ಲಿಷ್ ವೀಣೆ" ಎಂದು ಪರಿಚಯಿಸುತ್ತಿದ್ದರು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತದ್ದರಲ್ಲಿ ಮದುವೆಯಾದಮೇಲೆ ಹೆಚ್ಚು ಬಳಕೆಗೆ ಬಂದದ್ದು ನಗುವನ್ನು ಬಾಯೊಳಗೇ ಇಟ್ಟುಕೊಳ್ಳುವ ಅಭ್ಯಾಸ.

ಇಷ್ಟೆಲ್ಲ ಸಂಗೀತದ ನಡುವೆ ಒಂದು ಸ್ವರ ಕೇಳಿಸಿದರೂ ಅವರಿಗೆ ತಲೆನೋವು. ರೇಡಿಯೋದಲ್ಲಿ ವಾರ್ತೆ ಮುಗಿದು ಕಛೇರಿ ಶುರುವಾಗುವಷ್ಟರಲ್ಲಿ ಕಿವಿ ತಿರುಚಿ ಆರಿಸುತ್ತಿದ್ದರು. ಒಂದು ಸಲ ಕೈವಾರಕ್ಕೆ ಹೊರಟ ಭಜನೆಯವರು ತಂಬೂರಿ, ತಾಳ ಹಿಡಿದು ನಮ್ಮ ಬೀದಿಯಲ್ಲಿ ಹಾಡಿಕೊಂಡು ಹೋದರು. ಯಜಮಾನರು ತಂಬೂರಿ ಹೆಂಗಸಿನ ಚಿತ್ರಕ್ಕೆ ಮೊಳೆ ಹೊಡೆಯುತ್ತ ಸ್ಟೂಲಿನ ಮೇಲೆ ನಿಂತಿದ್ದರು. "ಥೂ, ಏನು ಗಲಾಟೆ ಇವರದ್ದು! ಕಿಟಕಿ ಹಾಕೇ" ಅಂದರು. ಬೀದಿಗೆ ಬಾಗಿ ನೋಡಲು ಹೋಗಿದ್ದ ನಾನು ಕಿಟಕಿ ಹಾಕಿದೆ.

ನನ್ನ ಹತ್ತಿರ ಒಂದು ಪಿಟೀಲು ಇತ್ತು. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರೊಬ್ಬರು ಕಲಿಸಿದ್ದರು. ನನ್ನ ತಂದೆ ಕೊಡಿಸಿದ್ದ ಅದು ಮದುವೆಯ ಸೀರೆಗಳ ಜೊತೆ ಟ್ರಂಕಿನಲ್ಲಿ ಈ ಮನೆಗೆ ಬಂದಿತ್ತು. ಮೊದಮೊದಲು ಮಧ್ಯಾಹ್ನ, ಹಿತ್ತಲಲ್ಲಿ ಚರಕ ತಿರುಗುವ ಸದ್ದಿನ ಮರೆಯಲ್ಲಿ ನುಡಿಸಿಕೊಳ್ಳುತ್ತಿದ್ದೆ. ಮಗಳು ಹುಟ್ಟಿದಮೇಲೆ ಅದೂ ನಿಂತಿತು. ತಂತಿಗಳು ಒಂದೊಂದಾಗಿ ಕಿತ್ತುಹೋದವು.

ಒಂದು ದಿನ ಯಜಮಾನರು ಜರತಾರಿ ಪಂಚೆ ಹುಡುಕುತ್ತ ನನ್ನ ಟ್ರಂಕು ತೆಗೆದರು. "ಇಂಥಾ ವಸ್ತು ಮನೇಲಿಟ್ಕೊಂಡು ನಾನು ಊರೂರು ಅಲೀತಿದೀನಲ್ಲೇ!" ಎಂದು ಪಿಟೀಲಿನ ಕತ್ತು ಹಿಡಿದು ಹೊರಗೆ ಬಂದರು, ಕೋಳಿ ಹಿಡಿದು ತರುವ ಹಾಗೆ. ನಾನು ತವರಿಗೆ ಹೋಗಿಬರುವಷ್ಟರಲ್ಲಿ ಅದು ಗೋಡೆ ಏರಿತ್ತು. ಕುರ್ಚಿಗಳಿಗೆ ಹೊಡೆಯುವ ಪಾಲಿಶ್ ಅದಕ್ಕೂ ಹೊಡೆಸಿದ್ದರು. ತಂತಿ ಇಲ್ಲದ ಪಿಟೀಲು ಬೋಳಾಗಿ ಕಾಣುತ್ತದೆಂದು, ನಮ್ಮ ಚರಕದ ರೇಷ್ಮೆ ನೂಲನ್ನೇ ಹುರಿ ಮಾಡಿಸಿ, ನಾಲ್ಕೆಳೆ ಬಿಗಿಸಿದ್ದರು. ನುಡಿಸುವ ಕಮಾನು ಕಡ್ಡಿಯನ್ನು ಅದರ ಮೇಲೆ ಅಡ್ಡಲಾಗಿ, ಕತ್ತಿಯ ಹಾಗೆ ಕಟ್ಟಿದ್ದರು.

"ಹೆಂಗದೆ?" ಅಂದರು.

"ಹೊಳೀತಾ ಇದೆ" ಅಂದೆ.

"ಅಸಲು ರೇಷ್ಮೆ ಕಣೇ! ಯಾವ ವಿದ್ವಾಂಸನ ಪಿಟೀಲಿಗಿದೆ ಹೇಳು?"

ಯಾರ ಪಿಟೀಲಿಗೂ ಇಲ್ಲವೆಂದು ಒಪ್ಪಿಕೊಂಡೆ.

ಮಗಳಿಗೆ ಎಂಟು ತುಂಬಿದ್ದಾಗ ಹಿಂದಿನ ಬೀದಿಗೆ ಸಂಗೀತದ ಮೇಷ್ಟ್ರೊಬ್ಬರು ಬಂದು ಸೇರಿದರು. ಸಂಜೆ ಅವರ ಜಗಲಿಯಲ್ಲಿ ಮಕ್ಕಳು ಪಿಟೀಲು ಕಲಿಯುತ್ತಿದ್ದವು. ನಮ್ಮ ಹುಡುಗಿ ಶಾಲೆಯಿಂದ ನೇರ ಅಲ್ಲಿಗೆ ಹೋಗಿ, ಕಂಬಕ್ಕೆ ಒರಗಿ ನಿಂತು, ಕತ್ತಲಾದಮೇಲೆ ಮನೆಗೆ ಬರುತ್ತಿದ್ದಳು. ರೊಟ್ಟಿ ಲಟ್ಟಿಸುವ ಕೋಲನ್ನು ಭುಜಕ್ಕಿಟ್ಟುಕೊಂಡು ಅದರ ಮೇಲೆ ಊದುಕೊಳವೆ ಎಳೆಯುತ್ತಿದ್ದಳು. ಮೇಷ್ಟ್ರು ಹೇಳಿಕಳಿಸಿದರು: ಮಗುವಿಗೆ ಕಿವಿ ಚೆನ್ನಾಗಿದೆ, ಕಲಿಸುತ್ತೇನೆ, ವಾದ್ಯ ಮಾತ್ರ ನೀವೇ ಕೊಡಬೇಕು.

ವಾದ್ಯ ನಮ್ಮ ನಡುಮನೆಯಲ್ಲೇ, ಹಸಿರು ರವಿಕೆಯವಳ ಪಕ್ಕದಲ್ಲೇ ಇತ್ತು. ಯಜಮಾನರು ಊಟ ಮುಗಿಸಿ ಎಲೆ ಮಡಿಸುವ ಹೊತ್ತು ನೋಡಿ ಕೇಳಿದೆ.

"ಗೋಡೆ ಮಧ್ಯ ಖಾಲಿ ಆಗಲ್ವೇನೇ?" ಅಂದರು. "ಪೂಜೆ ಆಗೋ ವಸ್ತು. ಇವಳು ಅದನ್ನ ಬೀದೀಲಿ ಹೊತ್ಕೊಂಡು ಹೋಗಿ ಕುಯ್ಯೀ ಕುಯ್ಯೀ ಅನ್ಸೋದಾ?"

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. "ಅಪ್ಪ, ಮೆತ್ತಗೆ ಹಿಡ್ಕೊಂಡು ಹೋಗ್ತೀನಪ್ಪಾ" ಅಂದಳು.

"ನೋಡಮ್ಮಾ," ಯಜಮಾನರ ದನಿ ಉದಾರವಾಯಿತು, "ಅಷ್ಟು ಆಸೆ ಇದ್ರೆ, ಪುಟ್ಟ ಹುಡುಗಿ ಪಿಟೀಲು ನುಡಿಸೋ ಚಿತ್ರ ಒಂದು ತಂದುಕೊಡ್ತೀನಿ. ನಿನ್ನ ಹಾಸಿಗೆ ಮೇಲೇ ಹಾಕ್ಕೋ."

ಅವರು ತಮಾಷೆ ಮಾಡುತ್ತಿರಲಿಲ್ಲ. ಅದನ್ನೇ ನಾನು ಇವತ್ತಿಗೂ ಮರೆತಿಲ್ಲ. ಚಿತ್ರ ಕೊಟ್ಟರೆ ಆಸೆ ತೀರುತ್ತದೆಂದು ಆ ಮನುಷ್ಯ ನಿಜವಾಗಿ ನಂಬಿದ್ದರು, ಏಕೆಂದರೆ ಅವರ ಆಸೆ ಹಾಗೆಯೇ ತೀರುತ್ತಿತ್ತು. ಹುಡುಗಿ ಲಟ್ಟಣಿಗೆಯನ್ನು ಅದರ ಜಾಗದಲ್ಲಿಟ್ಟು, ಎರಡು ದಿನ ಮೇಷ್ಟ್ರ ಬೀದಿಗೆ ಹೋಗಲಿಲ್ಲ.

ಆ ವರ್ಷದ ನವರಾತ್ರಿಗೆ ಯಜಮಾನರು ಚಿಕ್ಕಬಳ್ಳಾಪುರದ ವಕೀಲರನ್ನು ವಿಜಯದಶಮಿಯ ಊಟಕ್ಕೆ ಕರೆದರು. ಗೋಡೆ ತೋರಿಸಲು ಅದಕ್ಕಿಂತ ಒಳ್ಳೆಯ ದಿನ ಇನ್ನಾವುದು? ಸರಸ್ವತಿ ಪೂಜೆಗೆ ಪುಸ್ತಕಗಳ ಪಕ್ಕದಲ್ಲಿ ಪಿಟೀಲನ್ನೂ ಕೂರಿಸಿ, ಅರಿಸಿನ ಕುಂಕುಮ ಬಳಿದು, ಸೇವಂತಿಗೆ ಸರ ಹಾಕಿದರು. ಹಾಗೆ ಕೂರಿಸುವಾಗ ಅತ್ತೆಯ ಕಟ್ಟಳೆ ಅವರಿಗೆ ನೆನಪಾಗಲಿಲ್ಲ. ನಮ್ಮ ಮನೆಯಲ್ಲಿ ಪೂಜೆಗೆ ಕೂತ ಯಾವ ವಸ್ತುವೂ ದಶಮಿಯ ದಿನ ಅದರ ಕೆಲಸ ಮಾಡದೆ ಏಳುವ ಹಾಗಿಲ್ಲ. ಪುಸ್ತಕದಲ್ಲಿ ಎರಡು ಸಾಲು ಓದಬೇಕು, ಚರಕ ಒಂದು ಸುತ್ತು ತಿರುಗಬೇಕು, ತಕ್ಕಡಿಯಲ್ಲಿ ಹಿಡಿ ರೇಷ್ಮೆಗೂಡಾದರೂ ತೂಗಬೇಕು. ಇಲ್ಲದಿದ್ದರೆ ಪೂಜೆ ಮುಗಿದ ಲೆಕ್ಕವಲ್ಲ, ಒಲೆಯ ಮೇಲಿನ ಹೋಳಿಗೆ ಎಲೆಗೆ ಬರುವುದಿಲ್ಲ.

ದಶಮಿಯ ದಿನ ವಕೀಲರು ಬಂದರು, ಗೋಡೆ ನೋಡಿದರು, ಇಂಗ್ಲಿಷ್ ವೀಣೆಯ ಮುಂದೆ ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನಿಂತು "ಏನು ಗಾಂಭೀರ್ಯ!" ಅಂದರು. ಚರಕ ತಿರುಗಿತು, ತಕ್ಕಡಿ ತೂಗಿತು, ಮಗಳು ಎರಡು ಸಾಲು ಓದಿದಳು. ಅತ್ತೆ ಕೈ ಒರೆಸಿಕೊಂಡು ಅಡಿಗೆಮನೆ ಕಡೆ ಹೊರಟರು.

"ಅತ್ತೆ," ನಾನು ತಗ್ಗಿದ ದನಿಯಲ್ಲಿ ಅಂದೆ, "ಪಿಟೀಲೊಂದು ಉಳಿದೋಯ್ತು."

ಅತ್ತೆ ತಿರುಗಿ ನಿಂತರು. "ಹೌದಲ್ಲ! ಏನೋ, ಅದನ್ನ ಕೂರಿಸಿದ್ಯಲ್ಲ, ಯಾರು ನುಡಿಸ್ತಾರೆ?"

"ಅದು ಸುಮ್ನೆ ಅಲಂಕಾರಕ್ಕೆ ಕಣಮ್ಮ."

"ದೇವರ ಮುಂದೆ ಅಲಂಕಾರಕ್ಕೆ ಕೂರಿಸ್ತಾರೇನೋ? ಬಾರೇ ಪುಟ್ಟಿ, ಎತ್ಕೋ."

ವಕೀಲರು "ಆಗಲಿ, ಆಗಲಿ, ಮಗು ನುಡಿಸಲಿ" ಎಂದು ಚಾಪೆಯ ಮೇಲೆ ಕುಳಿತು ತೊಡೆ ತಟ್ಟಲು ಸಿದ್ಧರಾದರು. ಹುಡುಗಿ ಕುಳಿತು ಪಿಟೀಲನ್ನು ಎದೆಗೊತ್ತಿ, ತುದಿಯನ್ನು ಪಾದಕ್ಕೂರಿ ಹಿಡಿದಳು. ಹಿಡಿದ ರೀತಿ ನೋಡಿದರೆ ಕಂಬಕ್ಕೊರಗಿ ನಿಂತದ್ದು ವ್ಯರ್ಥವಾಗಿರಲಿಲ್ಲ. ಕಡ್ಡಿ ಎಳೆದಳು. ರೇಷ್ಮೆಯ ಎಳೆಗಳ ಮೇಲೆ ಒಣ ಕೂದಲು ಸವರಿದ ಸರಸರ ಬಿಟ್ಟರೆ ಏನೂ ಹೊರಡಲಿಲ್ಲ. ಮತ್ತೆ ಎಳೆದಳು. ಅವಳ ಕಿವಿ ಕೆಂಪಾಯಿತು.

ವಕೀಲರು ಕಣ್ಣು ಮುಚ್ಚಿ, ತಲೆ ತೂಗಿ, ತೊಡೆಯ ಮೇಲೆ ತಾಳ ಹಾಕಿ, "ಆಹಾ! ಎಷ್ಟು ಸೂಕ್ಷ್ಮ!" ಅಂದರು. ಯಜಮಾನರೂ ತಲೆ ತೂಗಿದರು.

ಅತ್ತೆ ಇಬ್ಬರನ್ನೂ ನೋಡಿದರು. "ಏನಪ್ಪಾ ಕೇಳಿಸ್ತು ನಿಮ್ಮಿಬ್ಬರಿಗೆ? ನನ್ನ ಕಿವಿ ಹೋಯ್ತಾ?"

ತೊಡೆಯ ಮೇಲಿನ ತಾಳ ನಿಂತಿತು.

"ನಾನು ರೇಷ್ಮೆಹುಳ ಸಾಕೋ ಜಂಗಮಕೋಟೆಯವಳು. ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದ ಹುಳಗಳು ಸೊಪ್ಪು ತಿನ್ನೋವಾಗ ಇದಕ್ಕಿಂತ ಜೋರಾಗಿ ಸದ್ದು ಮಾಡ್ತವೆ. ಅದಕ್ಕೇನು ಕಟ್ಟಿದ್ದೀಯೋ?"

"ರೇಷ್ಮೆ ಕಣಮ್ಮ. ಅಸಲು."

"ಸೀರೆ ಉಡಿಸಿದ್ಯಾ ಅದಕ್ಕೆ?" ಅತ್ತೆ ಹುಡುಗಿಯ ಕೈಯಿಂದ ಪಿಟೀಲು ತೆಗೆದುಕೊಂಡು ನನ್ನ ಮಡಿಲಿಗಿಟ್ಟರು. "ಆ ಮೇಷ್ಟ್ರ ಹತ್ರ ಕಳ್ಸಿ ತಂತಿ ಹಾಕ್ಸಮ್ಮ. ಇದು ಉಲಿಯೋವರೆಗೂ ಪೂಜೆ ಮುಗಿದಿಲ್ಲ. ನೀನು ಗೋಡೆಗೆ ಏರಿಸ್ದೆ ಅಂದ್ರೆ ನೋಡೋ, ನಿನ್ನ ಚಿತ್ರಗಳಿಗೆಲ್ಲ ಶುಕ್ರವಾರದ ಹೂವು ನಿಲ್ತದೆ."

ಹೋಳಿಗೆ ಆ ದಿನ ಬಡಿಸಿದರು. ವಕೀಲರು ಮನೆಗೆ ಬಂದ ಅತಿಥಿ ಎಂಬ ಒಂದೇ ಕಾರಣಕ್ಕೆ.

ಮೇಷ್ಟ್ರು ಆ ಪಾಲಿಶನ್ನು ಉಗುರಿನಿಂದ ಕೆರೆದು ನೋಡಿದರೆಂದು ಮಗಳು ಹೇಳಿದಳು. ಬಟ್ಟೆಯಿಂದ ಕುಂಕುಮ ಒರೆಸಿ, ನಾಲ್ಕು ತಂತಿ ಹಾಕಿ, ಅವಳ ಕೈಗೇ ಕೊಟ್ಟರಂತೆ. ಮೊದಲ ಸಲ ಅದು ಮನೆಯಲ್ಲಿ ಉಲಿದಾಗ ಸ್ವರ ಹಲಗೆ ಗೀರಿದ ಹಾಗಿತ್ತು. ಅತ್ತೆ ರಾಗಿ ಕೇರುವುದನ್ನು ನಿಲ್ಲಿಸಿ, "ಹ್ಞಾ, ಈಗ ಕೇಳಿಸ್ತು" ಅಂದರು. ಪೂಜೆ ಮುಗಿಯಿತೆಂದು ಯಜಮಾನರು ಗೋಡೆಗೆ ಪಿಟೀಲು ವಾಪಸು ಕೇಳಿದಾಗಲೆಲ್ಲ, ಅದು ಮೇಷ್ಟ್ರ ಮನೆಗೆ ಹೋಗುವ ಹೊತ್ತಾಗಿರುತ್ತಿತ್ತು. ದಿನಾ ಹಾಗೆಯೇ ಆಗುತ್ತಿತ್ತು.

ಆದರೆ ಗೋಡೆಯ ಖಾಲಿ ಮೊಳೆ ಅವರ ಕಣ್ಣಿಗೆ ಚುಚ್ಚುತ್ತಿತ್ತು. ಕೊನೆಗೆ ಮಾತಿಗೆ ತಪ್ಪದೆ ಆ ಚಿತ್ರ ತಂದರು. ಜರಿಲಂಗದ ಪುಟ್ಟ ಹುಡುಗಿ, ಮಲ್ಲಿಗೆಯ ಜಡೆ, ಭುಜದ ಮೇಲೆ ಪಿಟೀಲು. ಬರೆದವನು ಕಡ್ಡಿಯಲ್ಲಿ ಕೂದಲು ಬರೆಯುವುದನ್ನೇ ಮರೆತಿದ್ದ, ಬರೀ ಕೋಲು. ಹಾಸಿಗೆಯ ಮೇಲಲ್ಲ, ನಡುಮನೆಯ ಮಧ್ಯದ ಮೊಳೆಗೇ ಅದು ಏರಿತು.

ಮುಂದಿನ ಬೇಸಿಗೆಯಲ್ಲಿ ಯಾರೋ ಆಫೀಸರು ಗೋಡೆ ನೋಡಲು ಬಂದಿದ್ದರು. ಒಳಕೋಣೆಯಲ್ಲಿ ಮಗಳು ಅಭ್ಯಾಸ ಮಾಡುತ್ತಿದ್ದಳು, ಈಗ ಸ್ವರಗಳು ಜಾಗಕ್ಕೆ ಬಂದು ಕೂರುತ್ತಿದ್ದವು. ಯಜಮಾನರು ಆ ಚಿತ್ರದ ಮುಂದೆ ನಿಂತಿದ್ದವರು ಒಳಗೆ ಬಗ್ಗಿ ಕೂಗಿದರು:

"ಒಂದು ಗಳಿಗೆ ನಿಲ್ಸೇ ಅಮ್ಮಾ! ಇಲ್ಲಿ ಪಿಟೀಲು ತೋರಿಸ್ತಾ ಇದೀನಿ."

ಹುಡುಗಿ ಕಡ್ಡಿ ಎತ್ತಿ ನನ್ನ ಮುಖ ನೋಡಿದಳು. ನಾನು ಎದ್ದು, ಹಿಂದೆ ಭಜನೆಯವರಿಗೆ ಕಿಟಕಿ ಹಾಕಿದ ಹಾಗೆಯೇ, ಸದ್ದಾಗದಂತೆ ಕೋಣೆಯ ಬಾಗಿಲು ಹಾಕಿದೆ.

"ನೀನು ನುಡಿಸಮ್ಮ," ಅಂದೆ. "ಅವರು ನೋಡ್ತಾ ಇರಲಿ."