ಹಗಲು ದೀಪ ಆರಿಸಿದ ಸಿದ್ದಯ್ಯ

ನಮ್ಮೂರು ದೊಡ್ಡಮಳೂರಿನಿಂದ ಎರಡು ಮೈಲಿ. ಸಿದ್ದಯ್ಯ ನಮ್ಮೂರಿನ ಪಂಚಾಯ್ತಿ ವಾಟರ್‌ಮನ್. ಬೆಳಿಗ್ಗೆ ನಲ್ಲಿಗೆ ನೀರು ಬಿಡುವುದು, ಆರು ಗಂಟೆಗೆ ಬೀದಿ ದೀಪ ಆರಿಸುವುದು, ಸಂಜೆ ಮತ್ತೆ ಹಾಕುವುದು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಅವನು ಹಗಲು ಹೊತ್ತು ದೀಪ ಉರಿಯಲು ಬಿಟ್ಟವನಲ್ಲ. ಮಗಳ ಮದುವೆಯ ದಿನ ಕೂಡ ಧಾರೆಗೆ ಮೊದಲು ಹೊಸ ಪಂಚೆಯಲ್ಲೇ ಓಡಿಹೋಗಿ ಸ್ವಿಚ್ ಆರಿಸಿ ಬಂದಿದ್ದ. ಇದಕ್ಕೆ ಪರಿಸರ ಪ್ರಜ್ಞೆ ಅಂತ ಹೆಸರಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. 2008ರಲ್ಲಿ ಕಾರ್ಖಾನೆಯವರು ಬಂದು ತಿಳಿಸಿಕೊಟ್ಟರು.

ಕೆಂಗಲ್ ಕಡೆ ಹೆದ್ದಾರಿ ಪಕ್ಕ ಹೊಸದಾಗಿ ಎದ್ದಿದ್ದ ಪ್ಲಾಸ್ಟಿಕ್ ಡಬ್ಬಿ ಕಾರ್ಖಾನೆ ಅದು. ಅಲ್ಲಿ ರಾತ್ರಿ ಹಗಲು ಮಿಷನ್ನು ಓಡುತ್ತಿತ್ತು, ನಮ್ಮೂರಿಗೆ ದಿನಕ್ಕೆ ಆರು ಗಂಟೆ ಕರೆಂಟು ಬಂದರೆ ಪುಣ್ಯ. ಆದ್ದರಿಂದ ಕರೆಂಟು ಉಳಿಸುವುದು ಹೇಗೆಂದು ನಮಗೆ ಕಲಿಸಲು ಅವರು ಒಂದು ದೊಡ್ಡ ಕಾರ್ಯಕ್ರಮ ಇಟ್ಟುಕೊಂಡರು. ಉಳಿಸಲು ಕರೆಂಟು ಇರಬೇಕಲ್ಲ, ಅವತ್ತೊಂದು ದಿನ ತೆಗೆಯಬೇಡಿ ಎಂದು ಕರೆಂಟು ಆಫೀಸಿಗೆ ಮೇಲಿನಿಂದ ಹೇಳಿಸಿದ್ದರು.

ಶಾಲೆಯ ಬಯಲಿಗೆ ಶಾಮಿಯಾನ ಬಂತು, ಮೈಕು ಬಂತು, ಎಂಟು ಫ್ಯಾನು, ಮರಮರಕ್ಕೂ ಸೀರಿಯಲ್ ಲೈಟು. ಶಾಲೆಯ ಮೀಟರು ಇಷ್ಟೆಲ್ಲ ತಡೆಯುವುದಿಲ್ಲವೆಂದು ಪಂಚಾಯ್ತಿ ಮೆಂಬರ್ ನಾಗರಾಜು ಬೀದಿ ದೀಪದ ತಂತಿಗೆ ಹುಕ್ಕು ಹಾಕಿಸಿದ. ಆ ತಂತಿಗೆ ಕರೆಂಟು ಹರಿಯಬೇಕಾದರೆ ಬೀದಿ ದೀಪದ ಸ್ವಿಚ್ ಹಾಕಲೇಬೇಕು. ಹೀಗಾಗಿ ಕರೆಂಟು ಉಳಿಸುವ ದಿನ ಊರಿನ ನಲವತ್ತು ದೀಪಗಳೂ ಬಿಸಿಲಿನಲ್ಲಿ ಉರಿದವು.

ಸಿದ್ದಯ್ಯನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವನು ಓವರ್‌ಹೆಡ್ ಟ್ಯಾಂಕ್ ತೊಳೆಯಲು ಹತ್ತಿದ್ದ. ಹನ್ನೊಂದು ಗಂಟೆಗೆ ಇಳಿದು ನೋಡುತ್ತಾನೆ, ಬೀದಿ ತುಂಬ ಬೆಳಕು. ತಾನೇ ಬೆಳಿಗ್ಗೆ ಮರೆತೆನೇನೋ ಎಂದುಕೊಂಡ. ಒದ್ದೆ ಬಟ್ಟೆಯಲ್ಲೇ ಓಡಿಹೋಗಿ ಆರಿಸಿದ.

ವೇದಿಕೆಯ ಮೇಲೆ ಕಾರ್ಖಾನೆಯ ಮ್ಯಾನೇಜರ್ ಮನೋಹರ್ ಆಗ ಹೇಳುತ್ತಿದ್ದರು: "ಅನಗತ್ಯವಾಗಿ ಉರಿಯುವ ಒಂದು ದೀಪವನ್ನು ನೀವು ಆರಿಸಿದರೆ..."

ಮೈಕು ಸತ್ತಿತು. ಫ್ಯಾನುಗಳು ನಿಧಾನವಾಗಿ ನಿಂತವು. ನಾಗರಾಜು ಸ್ವಿಚ್ ಪೆಟ್ಟಿಗೆಯ ಹತ್ತಿರ ಓಡಿ ಸಿದ್ದಯ್ಯನನ್ನು ರಟ್ಟೆ ಹಿಡಿದು ವೇದಿಕೆಯ ಮುಂದಕ್ಕೆ ಎಳೆದುತಂದ.

"ಯಾರ್ ಕೇಳಿ ಆರಿಸ್ದೆ?"

"ಕೇಳಾದೇನು ಮೆಂಬರೇ? ಹೊತ್ತು ನೆತ್ತಿಗ್ ಬಂದೈತೆ, ಲೈಟು ಉರೀತಾ ಅವೆ."

ಜನ ನಕ್ಕರು. ಪೇಪರಿನವನು ಕ್ಯಾಮರಾ ಎತ್ತಿದ. ಮನೋಹರ್ ಬುದ್ಧಿವಂತರು. ತಟ್ಟನೆ ಕೆಳಗಿಳಿದು ಸಿದ್ದಯ್ಯನ ಕೈ ಕುಲುಕಿ, ಯಾರೋ ಗಣ್ಯರಿಗೆಂದು ತಂದಿದ್ದ ಶಾಲನ್ನು ಅವನಿಗೇ ಹೊದಿಸಿದರು. ಒದ್ದೆ ಮೈಗೆ ಶಾಲು ಅಂಟಿಕೊಂಡಿತು. ಮಾರನೆಯ ದಿನದ ಪೇಪರಿನಲ್ಲಿ, ಮ್ಯಾನೇಜರ್ ಸ್ವತಃ ಮೈಕು ಆರಿಸಿ ಭಾಷಣ ಮಾಡಿ ಮಾದರಿಯಾದರೆಂದು ಬಂದಿತ್ತು. ಫೋಟೋದ ಕೆಳಗೆ ಸಿದ್ದಯ್ಯ 'ಫಲಾನುಭವಿ' ಆಗಿದ್ದ.

ಮಾನ ಹೋಗಿದ್ದು ನಾಗರಾಜುವಿನದು. ಅವನು ಸ್ವಿಚ್ ಪೆಟ್ಟಿಗೆಗೆ ಬೀಗ ಜಡಿದು ಬೀಗದಕೈ ತಾನಿಟ್ಟುಕೊಂಡ. "ಇನ್ಮೇಲೆ ನೀರೊಂದ್ ನೋಡ್ಕೊ, ಸಾಕು" ಎಂದ. ಮೆಂಬರಿಗೆ ನೂರೆಂಟು ಕೆಲಸ, ಹಾಕಿದ ದೀಪ ಆರಿಸಲು ಪುರಸೊತ್ತೆಲ್ಲಿ? ಕರೆಂಟು ಇದ್ದಷ್ಟು ಹೊತ್ತೂ ದೀಪಗಳು ಉರಿದವು, ಕಂಬಕ್ಕೆ ಕಟ್ಟಿದ್ದ 'ವಿದ್ಯುತ್ ಉಳಿಸಿ' ಫ್ಲೆಕ್ಸಿಗೆ ಒಳ್ಳೆಯ ಬೆಳಕು ಬೀಳುತ್ತಿತ್ತು.

ಸಿದ್ದಯ್ಯನಿಗೆ ಅನ್ನ ಸೇರಲಿಲ್ಲ. "ಶಾಲು ಕೊಟ್ಟವ್ರಲ್ಲ, ಸುಮ್ಕಿರು" ಎಂದಳು ಹೆಂಡತಿ ಮಾರಕ್ಕ. ಅವನು ಸುಮ್ಮನಿರಲಿಲ್ಲ, ಜಗಳವನ್ನೂ ಆಡಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಸರಿಯಾಗಿ ನಾಗರಾಜುವಿನ ಬಾಗಿಲು ತಟ್ಟಿದ.

"ಮೆಂಬರೇ, ಬೀಗದಕೈ."

ಮೊದಲ ದಿನ ಬೈಗುಳ ಸಿಕ್ಕಿತು. ಮರುದಿನ ಬಾಗಿಲೇ ತೆರೆಯಲಿಲ್ಲ, ಅವನು ತಟ್ಟುತ್ತಲೇ ಇದ್ದ. ಹನ್ನೆರಡನೆಯ ದಿನ ನಾಗರಾಜು ಕಿಟಕಿಯಿಂದಲೇ ಬೀಗದಕೈ ಎಸೆದ.

"ತಗಳಯ್ಯ, ನೀನೇ ಮಡಿಕೊ. ನನ್ನ ಒಸಿ ಮಲಗಕ್ ಬುಡು."

ಅವತ್ತು ದೀಪ ಆರಿದಾಗ ಆರೂ ಹತ್ತು. ಹತ್ತು ನಿಮಿಷ ತಡವಾಯಿತೆಂದು ಸಿದ್ದಯ್ಯ ಹೆಂಡತಿಯ ಹತ್ತಿರ ಬೇಜಾರು ಮಾಡಿಕೊಂಡನಂತೆ.